ನಾಲ್ಕು ಜನರ ನಡುವೆ

ದೇಹದ ಬೆಳವಣಿಗೆಗೆ ಪ್ರಕೃತಿಯೇ ಒಂದು ಎಲ್ಲೆಯನ್ನು ಹಾಕಿದೆ. ಕೈಕಾಲುಗಳ ಉದ್ದನೆಯ ಎಲುಬುಗಳ ತುದಿಯಲ್ಲಿರುವ ಮೃದ್ವಸ್ಥಿಯ ಪದರಗಳು ಹದಿಹರೆಯದ ಕೊನೆಗೆ ಗಟ್ಟಿಯಾಗಿ ಎಲುಬಿನೊಡನೆ ಬೆಸೆದುಕೊಂಡುವೆಂದರೆ, ಅಲ್ಲಿಂದ ಮುಂದೆ ಯಾವ ಆಹಾರದಿಂದಲೂ ಯಾವ ವ್ಯಾಯಾಮದಿಂದಲೂ ಮನುಷ್ಯನ ಎತ್ತರವು ಒಂದು ಅಂಗುಲದಷ್ಟಾದರೂ ಹೆಚ್ಚಲಾರದು. ಮನಸ್ಸಿಗೂ ಇಂಥದೇ ಒಂದು ಎಲ್ಲೆಯುಂಟೆಂದು ವಿದ್ವಾಂಸರು ಬಹುಕಾಲ ಭಾವಿಸಿದ್ದರು. ಶಿಶುವಿನ ತಿಳಿವಳಿಕೆಯು ಹಂತಹಂತವಾಗಿ ಅರಳುವ ಪರಿಯನ್ನು ಅಸಾಧಾರಣ ತಾಳ್ಮೆಯಿಂದ ಗಮನಿಸಿ ಲೋಕಕ್ಕೆ ತೋರಿಸಿಕೊಟ್ಟ ಸ್ವಿಟ್ಜರ್ಲೆಂಡಿನ ಪಿಯಾಜೆ ಅವರ ಸೋಪಾನವೂ ಹದಿಹರೆಯದ ಮೆಟ್ಟಿಲಿಗೆ ಬಂದು ನಿಂತುಬಿಡುತ್ತದೆ. ಅದರ ತರುವಾಯ ಮನುಷ್ಯನು ವಿದ್ಯೆಯನ್ನು ಸಂಪಾದಿಸಿಯಾನು, ಅನುಭವವನ್ನು ಕೂಡಿಹಾಕಿಯಾನು. ಆದರೆ ಅವನ್ನೆಲ್ಲ ಅರ್ಥಮಾಡಿಕೊಳ್ಳುವ ಬಗೆಯೇ ಬದಲಾಗುವುದೆಂಬ ಮಾತನ್ನು ಆಗ ಯಾರೂ ಗಂಭೀರವಾಗಿ ಪರಿಗಣಿಸಲಿಲ್ಲ. ಬಾವಿಗೆ ಮಳೆಯ ನೀರು ಬಂದು ಸೇರುವುದು ಬೇರೆ, ಬಾವಿಯನ್ನೇ ಇನ್ನೂ ಆಳಕ್ಕೆ ತೋಡುವುದು ಬೇರೆ. ಈ ಅಧ್ಯಾಯದಲ್ಲಿ ನಾವು ವಿಚಾರಿಸಬೇಕಾದದ್ದು ಎರಡನೆಯದನ್ನು.

ಪ್ರಾಯಕ್ಕೆ ಬಂದವರಲ್ಲಿಯೂ ಇಂಥ ಆಳದ ಬೆಳವಣಿಗೆಯುಂಟೆಂಬುದನ್ನು ಅಳೆದು ತೋರಿಸಲು ಹೊರಟವರಲ್ಲಿ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೇನ್ ಲೋವಿಂಜರ್ ಅವರನ್ನು ಮೊದಲು ನೆನೆಯಬೇಕು. ಅವರು 36 ಅಪೂರ್ಣ ವಾಕ್ಯಗಳನ್ನು ಮುಂದಿಟ್ಟು, ಅವನ್ನು ತೋಚಿದಂತೆ ಪೂರ್ಣಗೊಳಿಸಿರೆಂದು ಕೇಳಿ, ಬಂದ ಉತ್ತರಗಳಲ್ಲಿ ಜನರು ಏನನ್ನು ಹೇಳಿದರೆಂಬುದಕ್ಕಿಂತ ಅದನ್ನು ಹೇಗೆ ಕಟ್ಟಿ ಹೇಳಿದರೆಂಬುದನ್ನು ಹೆಚ್ಚಾಗಿ ಪರಿಶೀಲಿಸಿದರು. ಒಬ್ಬನಿಗೆ ಲೋಕವೆಲ್ಲ ತನಗೆ ಅನುಕೂಲ, ತನಗೆ ಪ್ರತಿಕೂಲ ಎಂಬ ಎರಡೇ ಭಾಗವಾಗಿ ಕಾಣುತ್ತದೆ. ಇನ್ನೊಬ್ಬನಿಗೆ ಸರಿತಪ್ಪುಗಳೆಲ್ಲ ಬಳಗದ ಕಟ್ಟಳೆಯಲ್ಲಿಯೇ ಇವೆ. ಮತ್ತೊಬ್ಬನು ಕಟ್ಟಳೆಗೂ ತನ್ನ ಅಂತಃಸಾಕ್ಷಿಗೂ ನಡುವೆ ಇರುವ ತಿಕ್ಕಾಟವನ್ನು ಕಂಡು ಅದನ್ನು ಹೆಸರಿಟ್ಟು ಹೇಳಬಲ್ಲವನಾಗಿರುತ್ತಾನೆ. ಈ ಏರಿಕೆಯು ಬಹುಮಂದಿಯಲ್ಲಿ ಯೌವನದ ಮೊದಲ ವರ್ಷಗಳ ಅನಂತರ ಮಂದವಾಗುತ್ತದೆ, ಅನೇಕರಲ್ಲಿ ನಿಂತೇ ಹೋಗುತ್ತದೆ ಎಂಬುದು ಇಂಥ ಅಳತೆಗಳಿಂದ ತಿಳಿದುಬಂದ ಸಂಗತಿ. ಎಲುಬಿನಂತೆ ಬೆಸೆದುಕೊಂಡು ನಿಲ್ಲುವುದಲ್ಲ; ತಳ್ಳುವ ಕಾರಣವಿಲ್ಲದೆ ನಿಲ್ಲುವುದು. ಆ ವ್ಯತ್ಯಾಸದಲ್ಲಿಯೇ ನಮ್ಮ ವಿಷಯದ ಬೀಜವಿದೆ.

ಹಾರ್ವರ್ಡಿನ ರಾಬರ್ಟ್ ಕೀಗನ್ ಅವರು 1982ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಇದೇ ಬೆಳವಣಿಗೆಗೆ ಒಂದು ಸರಳವಾದ ಸೂತ್ರವನ್ನು ಕೊಟ್ಟರು. ತನ್ನ ಬೆನ್ನು ತನಗೆ ಕಾಣದೆಂದು ನಮ್ಮ ಗಾದೆ ಹೇಳುತ್ತದೆಯಷ್ಟೆ. ಹಾಗೆಯೇ ಯಾವುದರೊಳಗೆ ನಾವು ಮುಳುಗಿರುವೆವೋ ಅದು ನಮಗೆ ಕಾಣದು. ಅದರಿಂದ ಹೊರಗೆ ಬಂದು ಅದನ್ನು ಎದುರಿಗಿಟ್ಟುಕೊಂಡು ನೋಡಬಲ್ಲವರಾದಾಗ ಬೆಳವಣಿಗೆಯ ಒಂದು ಹೆಜ್ಜೆ ಮುಂದೆ ಬಿದ್ದಂತಾಯಿತೆಂಬುದು ಅವರ ಸೂತ್ರದ ತಿರುಳು. ಮೂರು ವರ್ಷದ ಮಗುವಿಗೆ ಸಿಟ್ಟು ಬಂದರೆ ಅದು ಅಡಿಯಿಂದ ಮುಡಿಯವರೆಗೆ ಸಿಟ್ಟೇ ಆಗಿಬಿಡುತ್ತದೆ. ಹತ್ತು ವರ್ಷದ ಹುಡುಗನಾದರೋ “ನನಗೆ ಸಿಟ್ಟು ಬಂದಿದೆ, ಈಗ ಮಾತನಾಡಿಸಬೇಡಿ” ಎನ್ನಬಲ್ಲನು. ಸಿಟ್ಟು ಅವನನ್ನು ಹಿಡಿದಿದ್ದುದು ಹೋಗಿ, ಸಿಟ್ಟನ್ನು ಅವನು ಹಿಡಿದಿದ್ದಾನೆ.

ದೊಡ್ಡವರಾದ ನಮ್ಮನ್ನು ಹಿಡಿದಿರುವುದು ಯಾವುದು? ಅದಕ್ಕೆ ಕನ್ನಡದಲ್ಲಿ ಮನೆಮನೆಯಲ್ಲಿಯೂ ಬಳಕೆಯಲ್ಲಿರುವ ಒಂದು ಹೆಸರುಂಟು: ನಾಲ್ಕು ಜನ. “ನಾಲ್ಕು ಜನ ಏನಂದುಕೊಂಡಾರು?” ಎಂಬ ಒಂದು ಪ್ರಶ್ನೆಯ ಮುಂದೆ ಎಷ್ಟು ಮದುವೆಗಳು ನಡೆದಿವೆ, ಎಷ್ಟು ನಿಂತಿವೆ, ಎಷ್ಟು ಸಾಲಗಳು ಹುಟ್ಟಿವೆ, ಎಷ್ಟು ಮಕ್ಕಳು ತಮಗೆ ಒಲ್ಲದ ವಿದ್ಯೆಯನ್ನು ಕಲಿತಿದ್ದಾರೆ! ಈ ನಾಲ್ವರು ಯಾರೆಂದು ಕೇಳಿದರೆ ಯಾರೂ ಹೇಳಲಾರರು. ಅವರಿಗೆ ಮುಖವಿಲ್ಲ, ವಿಳಾಸವಿಲ್ಲ. ಆದ್ದರಿಂದಲೇ ಅವರಿಗೆ ಎದುರುತ್ತರವೂ ಇಲ್ಲ. ಕೀಗನ್ ಅವರು ‘ಸಾಮಾಜಿಕಗೊಂಡ ಮನಸ್ಸು’ ಎಂಬರ್ಥದ ಮಾತಿನಿಂದ ಸೂಚಿಸುವುದು ಈ ನಾಲ್ವರನ್ನು ಒಳಗಿಟ್ಟುಕೊಂಡು ಬದುಕುವ ಮನಸ್ಸನ್ನೇ. ಅದು ಹೀನವಾದದ್ದಲ್ಲ, ಅದಿಲ್ಲದೆ ಸಂಸಾರವೂ ನಡೆಯದು, ಊರೂ ನಡೆಯದು. ಆದರೆ ಅದರಾಚೆಗೆ ತನ್ನ ಅಳತೆಗೋಲನ್ನು ತಾನೇ ರೂಪಿಸಿಕೊಂಡ ಮನಸ್ಸು ಇದೆ. ಅದಕ್ಕೂ ಆಚೆಗೆ, ತಾನು ರೂಪಿಸಿಕೊಂಡ ಅಳತೆಗೋಲಿಗೂ ಎಲ್ಲೆಯುಂಟೆಂದು ಅರಿತ ಮನಸ್ಸು ಇದೆ. ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಎರಡನೆಯ ಹಂತವನ್ನು ಪೂರ್ಣವಾಗಿ ಮುಟ್ಟಿರುವುದಿಲ್ಲವೆಂದು ಕೀಗನ್ ಅವರ ಅಂದಾಜು.

ಒಳಗೆ ಕುಳಿತ ಮುಖವಿಲ್ಲದ ನಾಲ್ವರನ್ನು ಎದುರಿಗೆ ತಂದು ನಿಲ್ಲಿಸುವ ಉಪಾಯವಾವುದು? ಏಕಾಂತ ಧ್ಯಾನ, ಗ್ರಂಥಾವಲೋಕನ, ದೇಶಾಟನ ಎಂಬ ಉಪಾಯಗಳನ್ನು ಹಿರಿಯರು ಹೇಳಿದ್ದಾರೆ. ಅವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವಿಜ್ಞಾನವು ಕೊಂಚ ಹತ್ತಿರದಿಂದ ನೋಡಿರುವ ಉಪಾಯ ಬೇರೊಂದುಂಟು. ಅದು ಮುಖವಿಲ್ಲದ ನಾಲ್ವರ ಎದುರಿಗೆ ಮುಖವುಳ್ಳ ನಾಲ್ವರನ್ನು ಕೂರಿಸಿ ಅವರೊಡನೆ ಮಾತನಾಡುವುದು. ಇದರ ಕಥೆಯಲ್ಲಿ ಮುಖ್ಯರಾದವರು ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್.

ಲೆವಿನ್ನರು 1890ರಲ್ಲಿ ಆಗ ಪ್ರಷ್ಯಕ್ಕೆ ಸೇರಿದ್ದ, ಈಗ ಪೋಲೆಂಡಿನಲ್ಲಿರುವ ಮೊಗಿಲ್ನೊ ಎಂಬಲ್ಲಿ ಯೆಹೂದಿ ಮನೆತನದಲ್ಲಿ ಹುಟ್ಟಿದವರು. ಬರ್ಲಿನ್ನಿನ ಮನಶ್ಶಾಸ್ತ್ರ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದಾಗ ಅವರಿಗೆ ಉಪನ್ಯಾಸದ ಕೊಠಡಿಗಿಂತ ಎದುರು ಬದಿಯ ಸ್ವೀಡಿಷ್ ಕಾಫಿ ಅಂಗಡಿಯೇ ಪ್ರಿಯವಾಗಿತ್ತು. ಶಿಷ್ಯರೊಡನೆ ಅಲ್ಲಿ ಗಂಟೆಗಟ್ಟಲೆ ಕುಳಿತು, ಗೊತ್ತುಗುರಿಯಿಲ್ಲದಂತೆ ಹೊರಗಿನವರಿಗೆ ತೋರುವ ಮಾತಿನಲ್ಲಿ ಅವರು ತೊಡಗುತ್ತಿದ್ದರು. ಈ ಕೂಟಕ್ಕೆ ಅವರೇ ಇಟ್ಟುಕೊಂಡಿದ್ದ ಜರ್ಮನ್ ಅಡ್ಡಹೆಸರನ್ನು ನಮ್ಮ ಮಾತಿನಲ್ಲಿ ‘ಹರಟೆಮಲ್ಲರು’ ಎನ್ನಬಹುದು. ಬಿಲ್ಲು ಸಲ್ಲುವ ತನಕ ಪ್ರತಿಯೊಬ್ಬ ಗಿರಾಕಿಯ ಲೆಕ್ಕವನ್ನೂ ನೆನಪಿನಲ್ಲಿಟ್ಟುಕೊಂಡಿದ್ದು, ಹಣ ಕೈಸೇರಿದ ಮರುಕ್ಷಣವೇ ಅದನ್ನು ಮರೆತುಬಿಡುತ್ತಿದ್ದ ಮಾಣಿಯೊಬ್ಬನನ್ನು ನೋಡಿ, ಮುಗಿಯದ ಕೆಲಸವು ಮನಸ್ಸಿನಲ್ಲಿ ಹೆಚ್ಚು ಕಾಲ ನಿಲ್ಲುತ್ತದೆಯೇ ಎಂಬ ಪ್ರಶ್ನೆ ಹುಟ್ಟಿತೆಂದೂ, ಬ್ಲೂಮಾ ಝೈಗಾರ್ನಿಕ್ ಎಂಬ ಶಿಷ್ಯೆ ಅದನ್ನು ಪ್ರಯೋಗಕ್ಕೆ ಹಚ್ಚಿದರೆಂದೂ ಆ ಬಳಗದವರು ಹೇಳಿಕೊಂಡು ಬಂದಿದ್ದಾರೆ. ಒಬ್ಬನ ತಲೆಯಲ್ಲಿ ಹುಟ್ಟದ ವಿಚಾರವು ಹಲವರ ಮಾತಿನ ನಡುವೆ ಹುಟ್ಟುವುದನ್ನು ಲೆವಿನ್ನರು ಸಿದ್ಧಾಂತವಾಗಿ ಬರೆಯುವುದಕ್ಕೆ ಮೊದಲೇ ನಿತ್ಯವೂ ಅನುಭವಿಸುತ್ತಿದ್ದರು.

1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದೊಡನೆ ಅವರು ಜರ್ಮನಿಯನ್ನು ಬಿಟ್ಟು ಅಮೆರಿಕಕ್ಕೆ ಹೋದರು. ತಾಯಿಯನ್ನು ಪಾರುಮಾಡಲು ಪಟ್ಟ ಪಾಡೆಲ್ಲ ವ್ಯರ್ಥವಾಗಿ ಆಕೆ ನಾಜಿಗಳ ಮರಣಶಿಬಿರದಲ್ಲಿ ಅಸುನೀಗಿದರು. ಸುಶಿಕ್ಷಿತವೆನಿಸಿದ ಒಂದು ಜನಾಂಗವು ಮುಖವಿಲ್ಲದ ‘ನಾಲ್ಕು ಜನ’ರ ಕೈಗೆ ತನ್ನ ವಿವೇಕವನ್ನು ಒಪ್ಪಿಸಿಬಿಟ್ಟರೆ ಏನಾಗುವುದೆಂಬುದನ್ನು ಲೆವಿನ್ನರು ಪುಸ್ತಕದಿಂದ ಕಲಿತದ್ದಲ್ಲ. ಮುಂದಿನ ಹದಿಮೂರು ವರ್ಷಗಳ ಅವರ ಕೆಲಸದಲ್ಲಿ ಕಾಣುವ ಅವಸರಕ್ಕೆ ಕಾರಣ ಇದೇ ಎಂದು ನನ್ನ ನಂಬಿಕೆ.

ಯುದ್ಧಕಾಲದಲ್ಲಿ ಅವರು ಅಯೋವಾ ಪ್ರಾಂತದಲ್ಲಿ ನಡೆಸಿದ ಒಂದು ಪ್ರಯೋಗವು ಮೇಲುನೋಟಕ್ಕೆ ಅಡುಗೆಮನೆಯ ವಿಷಯ. ಒಳ್ಳೆಯ ಮಾಂಸವೆಲ್ಲ ಸೈನ್ಯಕ್ಕೆ ಹೋಗುತ್ತಿದ್ದುದರಿಂದ, ದನದ ಹೃದಯ, ಮೂತ್ರಪಿಂಡ ಮುಂತಾದ, ಅಮೆರಿಕದ ಗೃಹಿಣಿಯರು ಮೂಗು ಮುರಿಯುತ್ತಿದ್ದ ಭಾಗಗಳನ್ನು ಅಡುಗೆಗೆ ಬಳಸುವಂತೆ ಅವರ ಮನವೊಲಿಸಬೇಕಾಗಿತ್ತು. ಹದಿಮೂರರಿಂದ ಹದಿನೇಳು ಮಂದಿಯ ಆರು ಗುಂಪುಗಳಾದವು. ಮೂರು ಗುಂಪುಗಳಿಗೆ ಮುಕ್ಕಾಲು ಗಂಟೆಯ ಉಪನ್ಯಾಸ. ಪೌಷ್ಟಿಕಾಂಶದ ವಿವರ, ದೇಶಸೇವೆಯ ಕರೆ, ಕೊನೆಗೆ ಅಡುಗೆಯ ವಿಧಾನ ಅಚ್ಚಾದ ಹಾಳೆ. ಉಳಿದ ಮೂರು ಗುಂಪುಗಳಲ್ಲಿ ಅದೇ ಮುಕ್ಕಾಲು ಗಂಟೆ ಅಲೆಕ್ಸ್ ಬವೇಲಾಸ್ ಎಂಬ ಯುವಕನ ಸಹಾಯದಿಂದ ಗೃಹಿಣಿಯರೇ ಮಾತನಾಡಿಕೊಂಡರು: ಗಂಡ ತಟ್ಟೆಯನ್ನು ದೂಡಿದರೆ ಏನು ಮಾಡುವುದು, ಬೇಯುವಾಗ ಬರುವ ವಾಸನೆಗೆ ಏನು ಉಪಾಯ ಎಂದು. ಕೊನೆಯಲ್ಲಿ ಪ್ರಯತ್ನಿಸುವವರು ಕೈಯೆತ್ತಿದರು. ಆಮೇಲೆ ವಿಚಾರಿಸಿದಾಗ ಉಪನ್ಯಾಸ ಕೇಳಿದವರಲ್ಲಿ ಶೇಕಡಾ 3 ಮಂದಿ ಮಾತ್ರ ಆ ಮಾಂಸವನ್ನು ಬಡಿಸಿದ್ದರು. ಮಾತನಾಡಿಕೊಂಡವರಲ್ಲಿ ಶೇಕಡಾ 32.

ಈ ಅಂಕಿಗಳನ್ನು ಎತ್ತಿಹಿಡಿದು ಚರ್ಚೆಯೇ ಸರ್ವರೋಗ ನಿವಾರಕವೆಂದು ಸಾರಿದವರು ಬಹುಮಂದಿ. ವಿಜ್ಞಾನವು ಅಷ್ಟು ಬೇಗ ತೃಪ್ತವಾಗುವುದಿಲ್ಲ. 1955ರಲ್ಲಿ ಈಡಿತ್ ಬೆನೆಟ್ ಎಂಬ ಸಂಶೋಧಕಿಯು ಚರ್ಚೆ, ನಿರ್ಧಾರ, ಬಹಿರಂಗವಾದ ಒಪ್ಪಿಗೆ ಇವನ್ನು ಒಂದೊಂದಾಗಿ ಬೇರ್ಪಡಿಸಿ ಪರೀಕ್ಷಿಸಿದಾಗ, ಬರಿಯ ಚರ್ಚೆಗೆ ಹೇಳಿಕೊಳ್ಳುವಂಥ ಶಕ್ತಿಯೇನೂ ಕಾಣಲಿಲ್ಲ. ನಿರ್ಧಾರವನ್ನು ಕೈಗೊಳ್ಳುವುದೂ, ನನ್ನಂತೆಯೇ ಉಳಿದವರೂ ನಿರ್ಧರಿಸಿದ್ದಾರೆಂಬ ತಿಳಿವೂ ಫಲಕ್ಕೆ ಕಾರಣವಾಗಿದ್ದುವು. ಅಂದರೆ ಒಳಗಿನ ‘ನಾಲ್ಕು ಜನ’ ಮೂಗು ಮುರಿಯುತ್ತಾರೆಂಬ ಅಂಜಿಕೆಯು, ಎದುರಿಗೆ ಕುಳಿತ ಹದಿನೈದು ಜನ ಮೂಗು ಮುರಿಯದೆ ಇರುವುದನ್ನು ಕಣ್ಣಾರೆ ಕಂಡಾಗ ಕಳಚಿಬಿತ್ತು. ಇದು ಬೆಳವಣಿಗೆಯಲ್ಲ, ಬೆಳವಣಿಗೆಯ ಬಾಗಿಲು ಮಾತ್ರ. ಬಾಗಿಲಿನ ಒಳಗೆ ಏನಿದೆಯೆಂಬುದು ತಿಳಿದದ್ದು ಅಯೋವಾದ ಪ್ರಯೋಗ ನಡೆದ ಕೆಲವು ವರ್ಷಗಳ ಮೇಲೆ, ಅದೂ ಯಾರೂ ಯೋಜಿಸದೆ.

1946ರ ಬೇಸಗೆ. ಕನೆಕ್ಟಿಕಟ್ ಪ್ರಾಂತದಲ್ಲಿ ಜನಾಂಗದ್ವೇಷವನ್ನೂ ಮತದ್ವೇಷವನ್ನೂ ತಗ್ಗಿಸುವ ಹೊಣೆಯಿದ್ದ ಸರಕಾರಿ ಆಯೋಗವು ತನ್ನ ಕಾರ್ಯಕರ್ತರಿಗೆ ತರಬೇತಿ ಬೇಕೆಂದು ಲೆವಿನ್ನರನ್ನು ಕೇಳಿಕೊಂಡಿತು. ನ್ಯೂ ಬ್ರಿಟನ್ ಎಂಬ ಊರಿನ ಉಪಾಧ್ಯಾಯರ ಕಾಲೇಜಿನಲ್ಲಿ ಎರಡು ವಾರಗಳ ಶಿಬಿರವು ಏರ್ಪಟ್ಟಿತು. ಉಪಾಧ್ಯಾಯರು, ಸಮಾಜಸೇವಕರು, ಕಾರ್ಮಿಕರ ಮುಂದಾಳುಗಳು, ಕೆಲವರು ವ್ಯಾಪಾರಸ್ಥರು, ಹೀಗೆ ಸುಮಾರು ನಲವತ್ತು ಮಂದಿ ಸೇರಿದರು. ಅವರಲ್ಲಿ ಕರಿಯರೂ ಯೆಹೂದಿಗಳೂ ಗಣನೀಯ ಸಂಖ್ಯೆಯಲ್ಲಿದ್ದರು. ಹಗಲು ಹೊತ್ತು ಅವರು ಸಣ್ಣ ಗುಂಪುಗಳಲ್ಲಿ ಕುಳಿತು ತಮ್ಮ ಊರಿನ ಸಮಸ್ಯೆಗಳನ್ನು ಚರ್ಚಿಸುವರು. ಲೆಲೆಂಡ್ ಬ್ರಾಡ್‌ಫರ್ಡ್, ಕೆನೆತ್ ಬೆನ್, ರಾನಲ್ಡ್ ಲಿಪ್ಪಿಟ್ ಎಂಬ ಮೂವರು ಗುಂಪುಗಳನ್ನು ನಡೆಸುವರು. ಪ್ರತಿ ಗುಂಪಿನ ಮೂಲೆಯಲ್ಲಿ ಒಬ್ಬ ಸಂಶೋಧಕ ವಿದ್ಯಾರ್ಥಿಯು ಬಾಯಿ ಬಿಡದೆ ಕುಳಿತು, ಯಾರು ಯಾರಿಗೆ ಏನು ಹೇಳಿದರು, ಯಾರ ಮಾತಿಗೆ ಯಾರು ಅಡ್ಡಬಂದರು ಎಂಬುದನ್ನೆಲ್ಲ ಬರೆದುಕೊಳ್ಳುವನು. ರಾತ್ರಿ ಊಟವಾದ ಮೇಲೆ ಲೆವಿನ್ನರೂ ಅವರ ಸಹಾಯಕರೂ ಒಂದು ಕೊಠಡಿಯಲ್ಲಿ ಸೇರಿ ಆ ಟಿಪ್ಪಣಿಗಳನ್ನು ಓದಿಸಿ ಕೇಳುವುದು ವಾಡಿಕೆಯಾಗಿತ್ತು.

ಶಿಬಿರದ ಮೊದಲ ದಿನಗಳಲ್ಲಿಯೇ ಒಂದು ರಾತ್ರಿ, ಕಾಲೇಜಿನಲ್ಲಿಯೇ ತಂಗಿದ್ದ ಶಿಬಿರಾರ್ಥಿಗಳಲ್ಲಿ ಕೆಲವರು ಬಾಗಿಲಿಗೆ ಬಂದು, ತಾವೂ ಕುಳಿತು ಕೇಳಬಹುದೇ ಎಂದು ವಿಚಾರಿಸಿದರು. ಸಹಾಯಕರಿಗೆ ಇರಿಸುಮುರುಸಾಯಿತು. ಯಾರ ವಿಷಯವಾಗಿ ಟಿಪ್ಪಣಿ ಬರೆದಿದೆಯೋ ಅವರ ಎದುರಿಗೇ ಅದನ್ನು ಓದುವುದೆಂದರೇನು? ವೈದ್ಯರು ತಮ್ಮತಮ್ಮೊಳಗೆ ಆಡುವ ಮಾತನ್ನು ರೋಗಿಯ ಕಿವಿಗೆ ಹಾಕುವುದುಂಟೇ? ಲೆವಿನ್ನರು ಮಾತ್ರ ಬನ್ನಿ, ಕುಳಿತುಕೊಳ್ಳಿ ಎಂದರು. ಓದುವುದು ಮೊದಲಾಯಿತು. ಕುಳಿತವರಲ್ಲಿ ಒಬ್ಬ ಹೆಂಗಸಿನ ಅಂದಿನ ನಡವಳಿಕೆಯ ವರ್ಣನೆ ಬಂತು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿ, ಅದು ನಡೆದದ್ದು ಹಾಗಲ್ಲವೆಂದೂ, ತನಗೆ ಕಂಡದ್ದೇ ಬೇರೆಯೆಂದೂ ಎದುರಾಡಿದಳು. ಟಿಪ್ಪಣಿ ಬರೆದವನು ತಾನು ನೋಡಿದ್ದನ್ನು ಸಮರ್ಥಿಸಿದನು. ಗುಂಪನ್ನು ನಡೆಸಿದವನಿಗೆ ಕಂಡದ್ದು ಮೂರನೆಯ ಬಗೆಯಾಗಿತ್ತು. ಒಂದೇ ಕೊಠಡಿಯಲ್ಲಿ ಒಂದೇ ಹೊತ್ತಿನಲ್ಲಿ ನಡೆದ ಒಂದು ಸಣ್ಣ ಪ್ರಸಂಗಕ್ಕೆ ಮೂರು ಕಣ್ಣು, ಮೂರು ಕಥೆ. ಸಭೆಯಲ್ಲಿದ್ದವರು ಮುಜುಗರದಿಂದ ಲೆವಿನ್ನರ ಮುಖ ನೋಡಿದರೆ, ಆ ಮುಖವು ಹಿಗ್ಗಿನಿಂದ ಅರಳಿತ್ತೆಂದು ಅಂದು ಅಲ್ಲಿದ್ದವರು ಬರೆದಿಟ್ಟಿದ್ದಾರೆ. ಮರುದಿನ ರಾತ್ರಿ ಇನ್ನೂ ಹೆಚ್ಚು ಮಂದಿ ಬಂದರು. ಕೆಲವೇ ದಿನಗಳಲ್ಲಿ ಹಗಲಿನ ಪಾಠಕ್ಕಿಂತ ರಾತ್ರಿಯ ಈ ಓದೇ ಶಿಬಿರದ ಜೀವವಾಯಿತು.

ಆ ಹೆಂಗಸಿಗೆ ಅಂದು ದೊರೆತದ್ದು ಹೊಗಳಿಕೆಯಲ್ಲ, ಬೈಗುಳವಲ್ಲ, ಉಪದೇಶವಲ್ಲ. ತನ್ನ ಬೆನ್ನಿನ ಒಂದು ನೋಟ. ಯಂತ್ರವು ತನ್ನ ಚಲನೆಯ ಫಲವನ್ನು ಮತ್ತೆ ತನ್ನೊಳಗೆ ತೆಗೆದುಕೊಂಡು ಮುಂದಿನ ಚಲನೆಯನ್ನು ತಿದ್ದಿಕೊಳ್ಳುವುದಕ್ಕೆ ಇಂಜಿನಿಯರುಗಳು ಬಳಸುತ್ತಿದ್ದ ‘ಫೀಡ್‌ಬ್ಯಾಕ್’ ಎಂಬ ಮಾತು ಮನುಷ್ಯಸಂಬಂಧದ ವಿಷಯಕ್ಕೆ ಬಂದದ್ದು ಈ ಬಳಗದಿಂದಲೇ. ಇಂದು ಪ್ರತಿಯೊಂದು ಕಚೇರಿಯಲ್ಲಿಯೂ ಈ ಶಬ್ದ ಕೇಳಿಬರುತ್ತದೆ. ಮೇಲಧಿಕಾರಿಯು ವರ್ಷಕ್ಕೊಮ್ಮೆ ಕೈಕೆಳಗಿನವನ ತಪ್ಪನ್ನು ಎಣಿಸಿ ಹೇಳುವುದಕ್ಕೂ ಅದೇ ಹೆಸರಾಗಿಬಿಟ್ಟಿರುವುದು ದುಃಖದ ಸಂಗತಿ. ನ್ಯೂ ಬ್ರಿಟನ್ನಿನಲ್ಲಿ ಅದರ ಅರ್ಥ ಬೇರೆಯಾಗಿತ್ತು: ಕಂಡವನೂ ಕಾಣಿಸಿಕೊಂಡವನೂ ಒಂದೇ ಸುತ್ತಿನಲ್ಲಿ ಕುಳಿತು, ಕಂಡದ್ದನ್ನು ಇಬ್ಬರೂ ಪ್ರಶ್ನಿಸಬಹುದಾಗಿತ್ತು.

ಮುಂದಿನ ವರ್ಷ ಮೇಯ್ನ್ ಪ್ರಾಂತದ ಬೆತೆಲ್ ಎಂಬ ಸಣ್ಣ ಊರಿನಲ್ಲಿ, ರಾತ್ರಿಯ ಈ ಓದನ್ನೇ ನಡುಗಂಬವಾಗಿಟ್ಟುಕೊಂಡು ಮೂರು ವಾರಗಳ ಶಿಬಿರವು ನಡೆಯಿತು. ಲೆವಿನ್ನರು ಅದನ್ನು ನೋಡಲು ಉಳಿಯಲಿಲ್ಲ. 1947ರ ಫೆಬ್ರವರಿಯಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರು.

ಸಂವಾದವು ಬುದ್ಧಿಯನ್ನು ಹರಿತಗೊಳಿಸುವ ಪರಿಯನ್ನು ತೋರಿಸಲು ಇಲ್ಲಿ ಒಂದು ಒಗಟನ್ನು ಹೇಳಬೇಕು. ಓದುಗರು ಮುಂದೆ ಓದುವ ಮೊದಲು ಒಂದು ನಿಮಿಷ ತಾವೇ ಯತ್ನಿಸಿ ನೋಡಬೇಕೆಂದು ಕೋರುತ್ತೇನೆ. ಮೇಜಿನ ಮೇಲೆ ನಾಲ್ಕು ಚೀಟಿಗಳಿವೆ. ಪ್ರತಿಯೊಂದರ ಒಂದು ಮುಖದಲ್ಲಿ ಅಕ್ಷರ, ಇನ್ನೊಂದು ಮುಖದಲ್ಲಿ ಅಂಕಿ. ನಮಗೆ ಕಾಣುತ್ತಿರುವ ಮುಖಗಳು: ಆ, ಕ, 4, 7. “ಒಂದು ಮುಖದಲ್ಲಿ ಸ್ವರವಿದ್ದರೆ ಇನ್ನೊಂದರಲ್ಲಿ ಸಮಸಂಖ್ಯೆಯಿರುತ್ತದೆ” ಎಂಬ ನಿಯಮವು ನಿಜವೋ ಸುಳ್ಳೋ ತಿಳಿಯಲು ಯಾವ ಯಾವ ಚೀಟಿಗಳನ್ನು ತಿರುವಿ ನೋಡಲೇಬೇಕು? ಇಂಗ್ಲೆಂಡಿನ ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞರು 1966ರಲ್ಲಿ ಮುಂದಿಟ್ಟ ಈ ಒಗಟಿಗೆ ಬಹುಜನರು ಕೊಡುವ ಉತ್ತರ, ಆ ಮತ್ತು 4. ಅದು ತಪ್ಪು. 4ರ ಹಿಂದೆ ವ್ಯಂಜನವಿದ್ದರೂ ನಿಯಮಕ್ಕೆ ಭಂಗವಿಲ್ಲ. ಆದರೆ 7ರ ಹಿಂದೆ ಸ್ವರವಿದ್ದರೆ ನಿಯಮವು ಮುರಿದುಬಿತ್ತು. ಆದಕಾರಣ ತಿರುವಬೇಕಾದವು ಆ ಮತ್ತು 7. ನಾವು ನಮ್ಮ ನಂಬಿಕೆಯನ್ನು ಸಮರ್ಥಿಸುವ ಚೀಟಿಯನ್ನು ತಿರುವುತ್ತೇವೆಯೇ ಹೊರತು ಅದನ್ನು ಮುರಿಯಬಲ್ಲ ಚೀಟಿಯ ಕಡೆಗೆ ಕೈ ಚಾಚುವುದಿಲ್ಲ.

ಡೇವಿಡ್ ಮಾಷ್‌ಮನ್, ಮೋಲಿ ಗೀಲ್ ಎಂಬಿಬ್ಬರು 1998ರಲ್ಲಿ ಈ ಒಗಟನ್ನು ಕಾಲೇಜು ವಿದ್ಯಾರ್ಥಿಗಳಿಗೆ ಕೊಟ್ಟರು. ಒಬ್ಬೊಬ್ಬರೇ ಕುಳಿತು ಬಿಡಿಸಿದವರಲ್ಲಿ ಸರಿಯುತ್ತರ ಕೊಟ್ಟವರು ಶೇಕಡಾ 9. ಐದಾರು ಮಂದಿ ಸೇರಿ ಮಾತನಾಡಿದ ಗುಂಪುಗಳಲ್ಲಿ ಶೇಕಡಾ 75. ಗುಂಪಿನ ಜಾಣನೊಬ್ಬನು ಉತ್ತರವನ್ನು ಹೇಳಿಕೊಟ್ಟಿರಬಹುದಲ್ಲವೇ ಎಂದು ಸಂಶಯ ಬರುವುದು ಸಹಜ. ಆದರೆ ಮೊದಲು ಒಬ್ಬರೂ ಸರಿಯುತ್ತರ ಕಂಡಿರದ ಕೆಲವು ಗುಂಪುಗಳೂ ಮಾತಿನ ಕೊನೆಗೆ ಅದನ್ನು ಮುಟ್ಟಿದುವು. ಒಬ್ಬನು 4 ಎನ್ನುತ್ತಾನೆ, ಇನ್ನೊಬ್ಬನು “4ರ ಹಿಂದೆ ‘ಕ’ ಇದ್ದರೆ ಏನಾಯಿತು?” ಎನ್ನುತ್ತಾನೆ, ಅಲ್ಲಿಯವರೆಗೆ ಯಾರಿಗೂ ಕಾಣದಿದ್ದ 7 ಎಂಬುದು ಮೂರನೆಯವನಿಗೆ ಥಟ್ಟನೆ ಕಣ್ಣಿಗೆ ಬೀಳುತ್ತದೆ. ತನ್ನ ನಂಬಿಕೆಯ ವಿರುದ್ಧದ ಚೀಟಿಯನ್ನು ತಾನು ಹುಡುಕುವುದು ಕಷ್ಟ. ಇನ್ನೊಬ್ಬನ ನಂಬಿಕೆಯ ವಿರುದ್ಧದ ಚೀಟಿಯನ್ನು ಹುಡುಕುವುದು ಎಷ್ಟು ಸುಲಭವೆಂಬುದು ನಮಗೆಲ್ಲ ಗೊತ್ತು. ದಿನನಿತ್ಯ ಜಗಳಕ್ಕೆ ಮೂಲವಾಗುವ ಈ ಸ್ವಭಾವವೇ ಇಲ್ಲಿ ಜ್ಞಾನಕ್ಕೆ ದಾರಿಯಾಗಿದೆ.

ಹಾಗಾದರೆ ನಾಲ್ಕು ಜನ ಸೇರಿ ಮಾತನಾಡಿದ್ದೆಲ್ಲ ಬೆಳವಣಿಗೆಯೇ? ಖಂಡಿತ ಅಲ್ಲ. ಗೌತಮನ ನ್ಯಾಯಸೂತ್ರವು ಮಾತುಕತೆಯನ್ನು ಮೂರಾಗಿ ವಿಂಗಡಿಸಿದೆ: ತತ್ತ್ವವನ್ನು ತಿಳಿಯುವುದಕ್ಕಾಗಿ ನಡೆಯುವ ವಾದ, ಗೆಲ್ಲುವುದಕ್ಕಾಗಿ ನಡೆಯುವ ಜಲ್ಪ, ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಾಳಿಯದನ್ನು ಕೆಡಹುವುದಕ್ಕಾಗಿ ಮಾತ್ರ ನಡೆಯುವ ವಿತಂಡ. ವಾದವೆಂಬ ಒಳ್ಳೆಯ ಶಬ್ದವು ನಮ್ಮ ಆಡುಮಾತಿನಲ್ಲಿ ಜಲ್ಪದ ಅರ್ಥಕ್ಕೆ ಇಳಿದುಹೋಗಿರುವುದೂ, ವಿತಂಡವಾದವೆಂಬ ಮಾತು ಹಳ್ಳಿಹಳ್ಳಿಯಲ್ಲಿ ಬಳಕೆಯಾಗುತ್ತಿರುವುದೂ ನಮ್ಮ ಸಂವಾದದ ಸ್ಥಿತಿಯನ್ನು ಸಾರುತ್ತವೆ. ಇದೇ ವಿಭಾಗವನ್ನು ಬೇರೊಂದು ದಾರಿಯಿಂದ ಮಾರ್ವಿನ್ ಬರ್ಕೊವಿಟ್ಸ್ ಮತ್ತು ಜಾನ್ ಗಿಬ್ಸ್ ಎಂಬವರು 1983ರಲ್ಲಿ ಅಳೆದರು. ಧರ್ಮಸಂಕಟದ ಪ್ರಶ್ನೆಗಳನ್ನು ಇಬ್ಬಿಬ್ಬರು ವಿದ್ಯಾರ್ಥಿಗಳು ಚರ್ಚಿಸುವಾಗ, ಯಾವ ಜೋಡಿಗಳಲ್ಲಿ ಒಬ್ಬನು ಮತ್ತೊಬ್ಬನ ವಿಚಾರವನ್ನು ಕೈಗೆತ್ತಿಕೊಂಡು ಅದನ್ನು ವಿಸ್ತರಿಸುವುದೋ, ಅದರ ಬಿರುಕನ್ನು ತೋರಿಸುವುದೋ, ತನ್ನದರೊಡನೆ ಜೋಡಿಸುವುದೋ ಹೆಚ್ಚಾಗಿತ್ತೋ, ಆ ಜೋಡಿಗಳಲ್ಲಿ ನೈತಿಕ ವಿವೇಚನೆಯು ಮೇಲಿನ ಹಂತಕ್ಕೆ ಏರುವುದು ಕಂಡುಬಂತು. ಸರದಿಯಂತೆ ತಮ್ಮತಮ್ಮ ಅಭಿಪ್ರಾಯವನ್ನು ಹೇಳಿ ಮುಗಿಸುವುದರಿಂದ ಅಂಥ ಫಲವಿಲ್ಲ. ನಮ್ಮ ಅನೇಕ ವಿಚಾರಗೋಷ್ಠಿಗಳು ಬರಡಾಗಿರುವುದಕ್ಕೆ ಇದಕ್ಕಿಂತ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ಅಪಾಯಗಳನ್ನೂ ಮರೆಮಾಚಬಾರದು. ಸಾಲಮನ್ ಆಶ್ 1951ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಗೆರೆಗಳ ಉದ್ದದ ವಿಷಯದಲ್ಲಿಯೂ ಉಳಿದವರೆಲ್ಲ ತಪ್ಪು ಹೇಳಿದಾಗ, ಒಂಟಿಯಾದವನ ಉತ್ತರಗಳಲ್ಲಿ ಸುಮಾರು ಮೂರರಲ್ಲೊಂದು ಭಾಗ ಗುಂಪಿನ ಕಡೆಗೇ ವಾಲಿದುವು. ಜೊತೆಗೆ ನಿಜ ಹೇಳುವ ಇನ್ನೊಬ್ಬನೇ ಒಬ್ಬನಿದ್ದರೆ ಆ ವಾಲುವಿಕೆ ಬಹುಮಟ್ಟಿಗೆ ಇಳಿದುಹೋಯಿತು. ಒಂದೇ ಒಲವಿನವರು ಸೇರಿ ಮಾತನಾಡಿದರೆ ಆ ಒಲವು ಇನ್ನೂ ಉಗ್ರವಾಗುತ್ತದೆಂಬುದನ್ನು ಮಾಸ್ಕೊವಿಚಿ ಮತ್ತು ಝವಲೋನಿ ಎಂಬವರು 1969ರಲ್ಲಿ ಪ್ಯಾರಿಸಿನ ವಿದ್ಯಾರ್ಥಿಗಳಲ್ಲಿ ತೋರಿಸಿದರು. ಬೆತೆಲಿನ ಪದ್ಧತಿಯು ಅಮೆರಿಕದಲ್ಲೆಲ್ಲ ಹಬ್ಬಿ, ಮನಸ್ಸಿನ ಬಟ್ಟೆಯನ್ನು ಬಲವಂತವಾಗಿ ಕಳಚುವ ‘ಎನ್‌ಕೌಂಟರ್’ ಗುಂಪುಗಳಾದಾಗ ಲೀಬರ್‌ಮನ್, ಯಾಲೊಮ್, ಮೈಲ್ಸ್ ಎಂಬ ಮೂವರು ಸುಮಾರು 200 ವಿದ್ಯಾರ್ಥಿಗಳನ್ನು ಹಿಂಬಾಲಿಸಿ ಪರೀಕ್ಷಿಸಿದರು. 1973ರಲ್ಲಿ ಹೊರಬಂದ ಅವರ ಗ್ರಂಥದ ಪ್ರಕಾರ, ಅನೇಕರಿಗೆ ಹಿತವಾಗಿದ್ದರೂ ಹತ್ತರಲ್ಲಿ ಒಬ್ಬರಿಗೆ ಸಮೀಪಿಸುವಷ್ಟು ಮಂದಿಗೆ ಮನಸ್ಸಿನ ಮೇಲೆ ಉಳಿಯುವ ಗಾಯವಾಗಿತ್ತು. ಹೆಚ್ಚಿನ ಗಾಯಗಳು ತೇಜಸ್ವಿಯೂ ಆಕ್ರಮಣಶೀಲನೂ ಆದ ನಾಯಕನಿದ್ದ ಗುಂಪುಗಳಲ್ಲಿ ಆಗಿದ್ದುವು. ಗುಂಪಿಗೆ ಗುರುವು ಸಿಕ್ಕಿದನೆಂದು ಹಿಗ್ಗುವವರು ಈ ಅಂಕಿಯನ್ನು ಮತ್ತೊಮ್ಮೆ ಓದಬೇಕು.

ಈ ದೋಷವನ್ನು ಮನಗಂಡವರಲ್ಲಿ ಭೌತವಿಜ್ಞಾನಿ ಡೇವಿಡ್ ಬೋಮ್ ಒಬ್ಬರು. ಜಿಡ್ಡು ಕೃಷ್ಣಮೂರ್ತಿಯವರೊಡನೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸಂವಾದ ನಡೆಸಿದ ಅವರು, ತಮ್ಮ ಕೊನೆಯ ವರ್ಷಗಳಲ್ಲಿ ಇಪ್ಪತ್ತರಿಂದ ನಲವತ್ತು ಮಂದಿ ವೃತ್ತಾಕಾರವಾಗಿ ಕುಳಿತು, ಕಾರ್ಯಸೂಚಿಯಿಲ್ಲದೆ, ನಿರ್ಣಯದ ಹಂಗಿಲ್ಲದೆ ಮಾತನಾಡುವ ಪದ್ಧತಿಯನ್ನು ಪ್ರತಿಪಾದಿಸಿದರು. ಮಾತನ್ನು ನಡೆಸಿಕೊಡುವವನು ಬೇಗನೆ ಅನಾವಶ್ಯಕನಾಗುವುದೇ ಅವನ ಯಶಸ್ಸೆಂದು ಅವರ ಮತ. ಅಭಿಪ್ರಾಯವನ್ನು ಅದುಮಲೂ ಬಾರದು, ಅದನ್ನು ಹಿಡಿದು ಹೋರಾಡಲೂ ಬಾರದು. ಒಗೆದ ಬಟ್ಟೆಯನ್ನು ಹಗ್ಗದ ಮೇಲೆ ಹರವಿದಂತೆ ಎಲ್ಲರಿಗೂ, ತನಗೂ, ಕಾಣುವಂತೆ ತೂಗಿಹಾಕಬೇಕು. ಬೋಮ್ ಅವರ ಆಶಯ ಉದಾತ್ತವಾದದ್ದು. ಆದರೆ ನಲವತ್ತು ಮಂದಿಯ ವೃತ್ತದಲ್ಲಿ ಸಂಕೋಚದವರು ಬಾಯಿ ತೆರೆಯುವ ಹೊತ್ತಿಗೆ ಗಂಟೆ ಮುಗಿದಿರುತ್ತದೆಂಬುದು ನನ್ನ ಅನುಭವ. ಎಂಟೊಂಬತ್ತು ಮಂದಿಯೇ ಲೇಸು.

ಅನುಭವವೆಂದೆನಾದ್ದರಿಂದ ಒಂದು ಸಂಜೆಯ ವಿಷಯವನ್ನು ಹೇಳುತ್ತೇನೆ. ನಾವು ಒಂಬತ್ತು ಮಂದಿ ಹದಿನೈದು ದಿನಗಳಿಗೊಮ್ಮೆ ಭಾನುವಾರ ಒಬ್ಬ ಮಿತ್ರರ ಮಹಡಿಯ ಮೇಲೆ ಚಾಪೆ ಹಾಸಿಕೊಂಡು ಸೇರುತ್ತಿದ್ದೆವು. ಅಂದಿನ ಮಾತು ವೃದ್ಧರಾದ ತಂದೆತಾಯಿಗಳ ಆರೈಕೆಯನ್ನು ಕುರಿತದ್ದು. ನ್ಯೂ ಬ್ರಿಟನ್ನಿನ ಕಥೆಯನ್ನು ಓದಿದ್ದ ನಾನೇ, ಒಬ್ಬರು ಬರಿದೆ ಬರೆದುಕೊಂಡು ಕೊನೆಗೆ ಓದಬೇಕೆಂದು ಸೂಚಿಸಿದ್ದೆ. ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿದ್ದ ಒಬ್ಬ ಹಿರಿಯರು, ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು, ಆ ಕೆಲಸವನ್ನು ವಹಿಸಿಕೊಂಡರು. ಅವರು ಲೆಕ್ಕದ ಪುಸ್ತಕ ಓದುವ ಧ್ವನಿಯಲ್ಲಿ ಒಬ್ಬೊಬ್ಬರದನ್ನೂ ಓದುತ್ತ ನನ್ನ ಹೆಸರಿಗೆ ಬಂದರು: “ಇವರು ಹನ್ನೊಂದು ಸಲ ಮಾತಾಡಿದರು. ಅದರಲ್ಲಿ ಎಂಟು ಸಲ, ‘ಅಂದರೆ ನೀವು ಹೇಳೋದು’ ಅಂತ ಶುರು ಮಾಡಿದರು. ಐದು ಸಲ ಎದುರಿನವರ ಮಾತು ಇನ್ನೂ ಮುಗಿದಿರಲಿಲ್ಲ.”

ಕಿವಿಗೊಟ್ಟು ಕೇಳುವವನೆಂದು ನನ್ನ ವಿಷಯದಲ್ಲಿ ನನಗೊಂದು ಭಾವನೆಯಿತ್ತು. ‘ಅಂದರೆ ನೀವು ಹೇಳೋದು’ ಎಂಬ ಮಾತನ್ನು ನಾನು ಕೇಳಿಸಿಕೊಳ್ಳುವಿಕೆಯ ಗುರುತೆಂದೇ ತಿಳಿದಿದ್ದೆ. “ನನ್ನ ಅಮ್ಮನ ಬಗ್ಗೆ ಹೇಳುತ್ತಿದ್ದೆ,” ಎಂದು ಕಿರಿಯ ಗೆಳೆಯನೊಬ್ಬನು ಮೆಲ್ಲಗೆ ಹೇಳಿದನು, “ನೀವು ಅದನ್ನು ಚೆನ್ನಾಗಿ ಜೋಡಿಸಿ ಹೇಳಿಬಿಟ್ಟಿರಿ. ಆಮೇಲೆ ನನಗೆ ಹೇಳುವುದಕ್ಕೆ ಏನೂ ಉಳಿಯಲಿಲ್ಲ, ಸರ್.” ಅವನ ಮಾತಿನಲ್ಲಿ ದೂರು ಇರಲಿಲ್ಲ. ಎರಡು ದಿನ ಕಳೆದು ಮನೆಯಲ್ಲಿ ಮಗಳು ತನ್ನ ಕೆಲಸದ ತೊಡಕನ್ನು ಹೇಳಿಕೊಳ್ಳುತ್ತಿದ್ದಾಗ, ನನ್ನ ನಾಲಗೆಯ ತುದಿಗೆ ಬಂದ ಆ ಮೂರು ಪದಗಳು ಮೊದಲ ಸಲ ನನಗೆ ಕೇಳಿಸಿದುವು. ನಾನು ಸುಮ್ಮನಾದೆ, ಅವಳು ಇನ್ನೂ ಕಾಲು ಗಂಟೆ ಮಾತನಾಡಿದಳು. ಐವತ್ತು ದಾಟಿದವನಿಗೆ ಇಷ್ಟು ಸಣ್ಣ ಸಂಗತಿ ಬೆಳವಣಿಗೆಯೇ ಎಂದು ಯಾರಾದರೂ ಕೇಳಿದರೆ, ಹೌದೆಂದೇ ನನ್ನ ಉತ್ತರ. ಅದುವರೆಗೆ ಆ ಅಭ್ಯಾಸವು ನನ್ನನ್ನು ನಡೆಸುತ್ತಿತ್ತು. ಅಂದಿನಿಂದ ಅದು ನನ್ನ ಎದುರಿಗೆ ಇದೆ.

ಓದುಗರಲ್ಲಿ ನನ್ನ ಕೋರಿಕೆಯು ಇಷ್ಟು. ಒಂದೇ ಮನೆತನದವರೂ ಒಂದೇ ಕಚೇರಿಯವರೂ ಒಂದೇ ಪಂಗಡದವರೂ ಅಲ್ಲದ ಎಂಟು ಜನರನ್ನು ಕೂಡಿಸಿರಿ. ಮೇಲಧಿಕಾರಿ ಮತ್ತು ಅವರ ಕೈಕೆಳಗಿನವರು ಒಂದೇ ವೃತ್ತದಲ್ಲಿ ಬೇಡ. ವಾರ, ಹೊತ್ತು, ಜಾಗ ಇವನ್ನು ನಿಶ್ಚಯಿಸಿ, ಆರು ತಿಂಗಳವರೆಗೆ ಬದಲಾಯಿಸದಿರಿ. ಒಂದೂವರೆ ಗಂಟೆ ಸಾಕು. ಪ್ರತಿ ಸಲವೂ ಒಬ್ಬರು ಸರದಿಯಂತೆ ಮಾತನಾಡದೆ, ಯಾರು ಏನು ಹೇಳಿದರೆಂಬುದನ್ನು ಮಾತ್ರ, ಒಳ್ಳೆಯದು ಕೆಟ್ಟದ್ದು ಎನ್ನದೆ, ಬರೆದುಕೊಳ್ಳಲಿ. ಕೊನೆಯ ಹದಿನೈದು ನಿಮಿಷ ಆ ಬರಹವನ್ನು ಓದಲಿ. ಹಾಗಲ್ಲ, ಹೀಗೆ ಎಂದು ಹೇಳುವ ಹಕ್ಕು ಎಲ್ಲರಿಗೂ ಇರಲಿ. ಹೊತ್ತಾಯಿತೆಂದು, ಕಾಫಿ ಆರುತ್ತದೆಂದು, ಆ ಹದಿನೈದು ನಿಮಿಷವನ್ನು ಮಾತ್ರ ಬಿಟ್ಟುಬಿಡಬೇಡಿ.